ನಡುಗುವ ಫೋನ್ ಕ್ಯಾಮೆರಾ: ಓಐಎಸ್ ಮಾಡ್ಯೂಲ್ ಬದಲಿಸಿ, ಅಳೆದು ನೋಡಿದ್ದು

ಕ್ಯಾಮೆರಾ ತೆರೆದ ಕೂಡಲೇ ಪರದೆ ಮೇಲಿನ ಚಿತ್ರ ಗಡಗಡ ನಡುಗುತ್ತದೆ. ಕಿವಿ ಹತ್ತಿರ ಹಿಡಿದರೆ ಒಳಗಿಂದ ಸಣ್ಣಗೆ ಗುಂಯ್ ಅನ್ನುವ ಸದ್ದು. ಅದೇ ಹೆಚ್ಚು ಅಗಲ ತೋರಿಸುವ ಅಲ್ಟ್ರಾವೈಡ್ ಕ್ಯಾಮೆರಾಗೆ ಬದಲಿಸಿದರೆ ಚಿತ್ರ ಅಲ್ಲಾಡದೆ ನಿಲ್ಲುತ್ತದೆ. ನಿಮ್ಮ ಫೋನಿಗೂ ಹೀಗಾಗಿದ್ದರೆ ಮುಂದಿನ ಸಾಫ್ಟ್‌ವೇರ್ ಅಪ್‌ಡೇಟ್‌ನಲ್ಲಿ ಸರಿಹೋಗಬಹುದು ಎಂದು ಕಾಯುತ್ತಾ ಕೂರಬೇಡಿ. ಕೈ ನಡುಕವನ್ನು ಸರಿದೂಗಿಸಲು ಲೆನ್ಸನ್ನೇ ಆಚೀಚೆ ಸರಿಸುವ ಒಂದು ಭಾಗ ಇರುತ್ತದೆ, ಅದೇ ಓಐಎಸ್ (ಆಪ್ಟಿಕಲ್ ಇಮೇಜ್ ಸ್ಟೆಬಿಲೈಸೇಶನ್). ಅದು ಕೆಟ್ಟಿರುವ ಸಾಧ್ಯತೆ ಜಾಸ್ತಿ. ಅದನ್ನು ಮನೆಯಲ್ಲೇ ಬದಲಿಸಬಹುದು. ನಾನು ಬದಲಿಸಿದೆ, ಕೆಲಸ ಮಾಡುತ್ತಿದೆ. ಸರಿಹೋಗದ ಪ್ರಯತ್ನಗಳನ್ನೂ ಸೇರಿಸಿ ಎಲ್ಲವನ್ನೂ ಕ್ರಮವಾಗಿ ಬರೆಯುತ್ತೇನೆ.

ಫೋನ್ ನನ್ನ ಭಾಮೈದನದು. ಬೆಂಗಳೂರಿನಲ್ಲಿ ಊಟದ ಡೆಲಿವರಿ ಕೆಲಸ ಮಾಡುತ್ತಾನೆ. 150 ಸಿಸಿ ಬೈಕು, ಹ್ಯಾಂಡಲ್‌ಗೆ ಬಿಗಿಯಾಗಿ ಕೂರುವ ಲೋಹದ ಹೋಲ್ಡರ್, ಅದರಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಮ್ಯಾಪ್ ತೋರಿಸುತ್ತಾ ಕೂತಿರುವ ಫೋನು. ಮುಖ್ಯ ಕ್ಯಾಮೆರಾ 50 ಮೆಗಾಪಿಕ್ಸೆಲ್, ಅದಕ್ಕೆ ಓಐಎಸ್ ಇದೆ. ಅಲ್ಟ್ರಾವೈಡ್‌ಗೆ ಇಲ್ಲ. "ಭಾವ, ಬಾಗಿಲ ಹತ್ರ ಪಾರ್ಸೆಲ್ ಇಟ್ಟು ಫೋಟೋ ತೆಗೆದ್ರೆ ಮನೆ ನಂಬರೇ ಓದೋಕಾಗಲ್ಲ, ಕಸ್ಟಮರ್ ಬಂದಿಲ್ಲ ಅಂದ್ರೆ ನಾನು ಏನು ತೋರಿಸ್ಲಿ?" ಎಂದು ತಂದುಕೊಟ್ಟ. ವಾರಂಟಿ ಮುಗಿದಿತ್ತು. ಸರ್ವಿಸ್ ಸೆಂಟರಿನಲ್ಲಿ 5,800 ರೂಪಾಯಿ ಹೇಳಿದ್ದರಂತೆ. ಅವನ ಪಾಲಿಗೆ ಅದು ಸಣ್ಣ ಮೊತ್ತ ಅಲ್ಲ.

ಹಂತ 1: ಬಿಚ್ಚುವ ಮೊದಲು ರೋಗ ಯಾವುದು ಎಂದು ತಿಳಿಯುವುದು

ಮೊದಲು ಸುಲಭದ್ದೆಲ್ಲ ಮಾಡಿ ಮುಗಿಸಿದೆ. ಕ್ಯಾಮೆರಾ ಆ್ಯಪ್‌ನ ಕ್ಯಾಶೆ ಅಳಿಸಿದ್ದು, ಸೇಫ್ ಮೋಡ್‌ನಲ್ಲಿ ತೆರೆದಿದ್ದು, ಬೇರೆ ಕ್ಯಾಮೆರಾ ಆ್ಯಪ್ ಹಾಕಿ ನೋಡಿದ್ದು. ಯಾವುದರಿಂದಲೂ ಏನೂ ಬದಲಾಗಲಿಲ್ಲ. ಇಷ್ಟಾದ ಮೇಲೆ ಸಾಫ್ಟ್‌ವೇರ್ ಮೇಲಿನ ಅನುಮಾನ ಬಿಟ್ಟೆ.

ಆಮೇಲೆ ಜೈರೋ. ಫೋನ್ ಎಷ್ಟು ತಿರುಗುತ್ತಿದೆ ಎಂದು ಅಳೆಯುವ ಸೆನ್ಸರ್ ಇದು. ಓಐಎಸ್ ನಡೆಯುವುದೇ ಇದರ ಮಾತಿನ ಮೇಲೆ. ಇದೇ ಸುಳ್ಳು ಹೇಳಿದರೆ ಲೆನ್ಸ್ ಸುಮ್ಮಸುಮ್ನೆ ಓಡಾಡುತ್ತದೆ. ಸೆನ್ಸರ್ ತೋರಿಸುವ ಒಂದು ಉಚಿತ ಆ್ಯಪ್ ಹಾಕಿ ಫೋನನ್ನು ಕಡಪ ಕಲ್ಲಿನ ಮೇಲೆ ಮಲಗಿಸಿದೆ. ಮೂರು ದಿಕ್ಕಿನ ಅಂಕಿಗಳೂ ಸೊನ್ನೆಯ ಹತ್ತಿರವೇ ನಿಂತವು. ನಿಧಾನವಾಗಿ ತಿರುಗಿಸಿದರೆ ಏರಿ ಇಳಿದು ಮತ್ತೆ ಸೊನ್ನೆಗೆ ಬಂದವು. ಕೆಲವು ಫೋನ್‌ಗಳಲ್ಲಿ ಓಐಎಸ್‌ಗೇ ಬೇರೆ ಜೈರೋ ಇರುತ್ತದೆ, ಹಾಗಾಗಿ ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು. ಫೋನಿನ ಜೈರೋ ಸರಿಯಿದೆ ಅನ್ನುವಷ್ಟು ಮಾತ್ರ ಗೊತ್ತಾಯಿತು.

ಮೂರನೆಯದು ಆಯಸ್ಕಾಂತ. ಫ್ರಿಜ್ ಬಾಗಿಲಿಗೆ ಅಂಟಿಸುವ ಚಿಕ್ಕ ಮ್ಯಾಗ್ನೆಟ್ ಸಾಕು. ಕ್ಯಾಮೆರಾ ತೆರೆದಿಟ್ಟು ಲೆನ್ಸ್ ಪಕ್ಕಕ್ಕೆ ತಂದೆ. ನಡುಕ ತಟ್ಟನೆ ನಿಂತಿತು, ಜೊತೆಗೆ ಚಿತ್ರ ಒಂದು ಮೂಲೆಗೆ ಜರುಗಿತು. ತೆಗೆದ ಕೂಡಲೇ ಮತ್ತೆ ಗುಂಯ್. ಇದರಿಂದ ವಿಷಯ ಬಹುಪಾಲು ಸ್ಪಷ್ಟವಾಯಿತು. ಲೆನ್ಸ್ ಕೂತಿರುವ ಚೌಕಟ್ಟು ಹಿಡಿತ ತಪ್ಪಿದೆ, ಸರ್ಕ್ಯೂಟ್ ಅದನ್ನು ನಡುವಿಗೆ ತರಲು ಹೆಣಗುತ್ತಿದೆ, ಪ್ರತಿ ಸಲವೂ ಗುರಿ ದಾಟಿ ಹೋಗುತ್ತಿದೆ.

ಇದೇ ಮ್ಯಾಗ್ನೆಟ್ಟನ್ನು ಬ್ಯಾಕ್ ಕವರಿನೊಳಗೆ ಅಂಟಿಸಿಬಿಡಿ, ಸರಿಹೋಗುತ್ತದೆ ಎಂದು ಹೇಳುವ ವಿಡಿಯೋಗಳಿವೆ. ಅದನ್ನೂ ಮಾಡಿ ನೋಡಿದೆ. ನಡುಕ ನಿಂತಿದ್ದು ನಿಜ. ಆದರೆ ಫೋಕಸ್ ಹಾಳಾಯಿತು. ಫೋಕಸ್ ಮಾಡುವ ಮೋಟಾರು ಕೂಡ ಸುರುಳಿ ಮತ್ತು ಆಯಸ್ಕಾಂತದಿಂದಲೇ ನಡೆಯುವುದು, ಹೊರಗಿನ ಮ್ಯಾಗ್ನೆಟ್ ಅದನ್ನೂ ಎಳೆಯುತ್ತದೆ. ಹತ್ತಿರ ಹಿಡಿದ ಬಿಲ್ ಚೀಟಿ ಮಸುಕು, ಚಿತ್ರದ ಒಂದು ಪಕ್ಕ ಪೂರ್ತಿ ಮೆತ್ತಗೆ. ಇದು ರಿಪೇರಿ ಅಲ್ಲ. ಅಂಗೈಗೆ ಫೋನ್ ಬಡಿಯುವ ಉಪಾಯವೂ ಅಷ್ಟೇ, ಸ್ವಲ್ಪ ಹೊತ್ತು ನಿಂತು ಮತ್ತೆ ಶುರು. ಲೆನ್ಸ್ ಚೌಕಟ್ಟನ್ನು ಹಿಡಿದಿರುವ ಒಂದು ಕೊಂಡಿ ಈಗಾಗಲೇ ಹೋಗಿದ್ದರೆ ಬಡಿಯುವುದರಿಂದ ಉಳಿದವೂ ಹೋಗುತ್ತವೆ.

ಇಲ್ಲೇ ಒಂದು ಮಾತು. ಫೋನ್ ಅಲ್ಲಾಡಿಸಿದಾಗ ಕ್ಯಾಮೆರಾ ಕಡೆಯಿಂದ ಟಿಕ್ ಟಿಕ್ ಎಂದು ಸದ್ದು ಬಂದರೆ ಹೆದರಬೇಡಿ. ಓಐಎಸ್ ಇರುವ ಒಳ್ಳೆಯ ಫೋನಿನಲ್ಲೂ ಬರುತ್ತದೆ. ಕ್ಯಾಮೆರಾ ಆಫ್ ಇದ್ದಾಗ ಲೆನ್ಸನ್ನು ಯಾರೂ ಹಿಡಿದಿರುವುದಿಲ್ಲ, ಅದು ಓಲಾಡುತ್ತದೆ. ಆ್ಯಪ್ ತೆರೆದು ಅಲ್ಲಾಡಿಸಿದಾಗ ಸದ್ದು ನಿಂತರೆ ಎಲ್ಲ ಸರಿಯಿದೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಫೋನ್ ಕೊಳ್ಳುವವರು ಅಂಗಡಿಯಲ್ಲೇ ಇದನ್ನು ನೋಡಿಕೊಳ್ಳಬಹುದು. ಸೆನ್ಸರನ್ನೇ ಅಲ್ಲಾಡಿಸುವ ಕೆಲವು ದೊಡ್ಡ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಪವರ್ ಆಫ್ ಇದ್ದಾಗ ಹೀಗೇ ಸದ್ದಾಗುತ್ತದೆ.

ಹಂತ 2: ಸಾಮಾನು

ಸಣ್ಣ ಸ್ಕ್ರೂಡ್ರೈವರ್ ಮತ್ತು ಪ್ಲಾಸ್ಟಿಕ್ ಮೀಟುಕಡ್ಡಿಗಳ ಸೆಟ್ 350 ರೂಪಾಯಿ. ಐಸೋಪ್ರೊಪೈಲ್ ಆಲ್ಕೋಹಾಲ್ 100 ಮಿ.ಲೀ. 150. ಬಿ-7000 ಗಮ್ ಸಣ್ಣ ಟ್ಯೂಬ್ 90. ಗಡಿಯಾರ ರಿಪೇರಿಯವರು ಕಣ್ಣಿಗೆ ಇಟ್ಟುಕೊಳ್ಳುವಂಥ ಭೂತಗನ್ನಡಿ 250. ಹೇರ್ ಡ್ರೈಯರ್, ಚಿಮಟ, ಹಳೇ ಎಕ್ಸ್‌ರೇ ಫಿಲ್ಮ್ ಮನೆಯಲ್ಲೇ ಇದ್ದವು. ಎಕ್ಸ್‌ರೇ ಫಿಲ್ಮನ್ನು ಎರಡು ಬೆರಳಗಲ ಕತ್ತರಿಸಿಕೊಂಡರೆ ಬ್ಯಾಕ್ ಕವರ್ ಬಿಡಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ತೆಳು, ಬಾಗುತ್ತದೆ, ಗೀರು ಮಾಡುವುದಿಲ್ಲ.

ಕ್ಯಾಮೆರಾ ಮಾಡ್ಯೂಲ್‌ಗೆ, ಅಂದರೆ ಲೆನ್ಸ್, ಸೆನ್ಸರ್, ಓಐಎಸ್ ಎಲ್ಲ ಸೇರಿದ ಬಿಡಿಭಾಗಕ್ಕೆ, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್.ಪಿ. ರೋಡಿಗೆ ಹೋದೆ. ಇದೇ ಫೋನಿನ ಮುಖ್ಯ ಕ್ಯಾಮೆರಾ ಬೇಕು ಎಂದರೆ ಅಂಗಡಿಯಿಂದ ಅಂಗಡಿಗೆ ಬೆಲೆ ಎರಡು ಮೂರು ಪಟ್ಟು ಬದಲಾಗುತ್ತದೆ. ಮೊದಲು ಕೊಂಡಿದ್ದು 700 ರೂಪಾಯಿಯದು. ಅದರ ಕಥೆ ಮುಂದೆ ಇದೆ.

ಹಂತ 3: ಬಿಚ್ಚುವುದು

ಚಾರ್ಜ್ 20 ಪರ್ಸೆಂಟ್‌ಗಿಂತ ಕೆಳಗೆ ಇಳಿಸಿಕೊಂಡು ಆಫ್ ಮಾಡಿದೆ. ಲಿಥಿಯಂ ಬ್ಯಾಟರಿಗೆ ಅಪ್ಪಿತಪ್ಪಿ ಚುಚ್ಚಿದರೆ ತುಂಬಿದ ಬ್ಯಾಟರಿಯ ಅಪಾಯ ಜಾಸ್ತಿ, ಅದಕ್ಕೆ.

ಹೇರ್ ಡ್ರೈಯರನ್ನು ಒಂದೇ ಕಡೆ ನಿಲ್ಲಿಸದೆ ಅಂಚಿನುದ್ದಕ್ಕೂ ಆಡಿಸುತ್ತಾ ಮೂರು ನಿಮಿಷ ಬಿಸಿ ಕೊಟ್ಟೆ. ಬೆರಳಿಟ್ಟರೆ ತೆಗೆಯಬೇಕು ಅನ್ನಿಸುವಷ್ಟು ಬಿಸಿ ಸಾಕು. ಕೆಳಗಿನ ಮೂಲೆಯಲ್ಲಿ ಸಕ್ಷನ್ ಕಪ್ ಹಾಕಿ ಎಳೆದಾಗ ಕೂದಲೆಳೆಯಷ್ಟು ಸಂದು ಬಂತು. ಅಲ್ಲಿಗೆ ಒಂದು ಹನಿ ಆಲ್ಕೋಹಾಲ್ ಬಿಟ್ಟು ಫಿಲ್ಮ್ ತೂರಿಸಿದೆ. ನಾಲ್ಕೈದು ಮಿಲಿಮೀಟರಿಗಿಂತ ಒಳಗೆ ಹೋಗಬಾರದು, ಪಕ್ಕದಲ್ಲೇ ಬಟನ್‌ಗಳ ರಿಬ್ಬನ್ ಇರುತ್ತದೆ. ಗಮ್ ಗಟ್ಟಿಯಾಯಿತು ಅನ್ನಿಸಿದಾಗೆಲ್ಲ ಮತ್ತೆ ಬಿಸಿ, ಮತ್ತೆ ಒಂದು ಹನಿ. ಈ ಫೋನಿನ ಬೆನ್ನು ಪ್ಲಾಸ್ಟಿಕ್, ಬಾಗಿತು. ಗಾಜಿನ ಬೆನ್ನಾಗಿದ್ದರೆ ಇದಕ್ಕೆ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು.

ಒಳಗಿನ ಮೇಲ್ಭಾಗದ ಮುಚ್ಚಳಕ್ಕೆ ಎರಡು ಬೇರೆ ಬೇರೆ ಉದ್ದದ ಸ್ಕ್ರೂಗಳಿವೆ. ಒಂದು ಡ್ರಾಯಿಂಗ್ ಶೀಟಿನ ಮೇಲೆ ಫೋನಿನ ಆಕಾರ ಬರೆದು, ಡಬಲ್ ಟೇಪ್ ಅಂಟಿಸಿ, ಪ್ರತಿ ಸ್ಕ್ರೂವನ್ನೂ ಅದು ಬಂದ ಜಾಗದಲ್ಲೇ ಕೂರಿಸಿದೆ. ಇದು ಶಿಸ್ತಿಗಾಗಿ ಅಲ್ಲ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿ ಬಿಗಿದರೆ ಅದು ಕೆಳಗಿನ ಬೋರ್ಡನ್ನೋ ಡಿಸ್ಪ್ಲೇಯನ್ನೋ ಚುಚ್ಚಿಬಿಡುತ್ತದೆ, ಆಮೇಲೆ ಕ್ಯಾಮೆರಾ ರಿಪೇರಿ ಹೋಗಿ ಡಿಸ್ಪ್ಲೇ ರಿಪೇರಿ ಆಗುತ್ತದೆ.

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಬಿಡಿಸುವುದು, ಪ್ಲಾಸ್ಟಿಕ್ ಕಡ್ಡಿಯಿಂದಲೇ. ಆಮೇಲೆ ಕ್ಯಾಮೆರಾ ಕನೆಕ್ಟರ್. ನೇರ ಮೇಲಕ್ಕೆ ಎತ್ತಬೇಕು, ಓರೆ ಎಳೆದರೆ ಪಿನ್ನು ಬಾಗುತ್ತದೆ. ಮಾಡ್ಯೂಲ್ ತಾನಾಗೇ ಕೈಗೆ ಬಂತು. ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು.

ಹಂತ 4: ಮೊದಲ ಮಾಡ್ಯೂಲ್, ಕೆಲಸಕ್ಕೆ ಬರಲಿಲ್ಲ

700 ರೂಪಾಯಿಯದನ್ನು ಕೂರಿಸಿ, ಬ್ಯಾಟರಿ ಜೋಡಿಸಿ, ಬೆನ್ನು ಮುಚ್ಚದೆಯೇ ಆನ್ ಮಾಡಿದೆ. ನಡುಕ ಇಲ್ಲ. ಸದ್ದಿಲ್ಲ. ಫೋಕಸ್ ಚುರುಕು. ಹಗಲು ಬೆಳಕಿನ ಫೋಟೋ ಚೆನ್ನಾಗಿ ಬಂದವು. ಅಲ್ಲಿಗೇ ಮುಚ್ಚಿ ಕೊಟ್ಟಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ರಾತ್ರಿ ಮೊದಲ ಡೆಲಿವರಿವರೆಗೆ.

ಓಐಎಸ್ ಕೆಲಸ ಮಾಡುತ್ತಿದೆಯಾ ಎಂದು ತಿಳಿಯಲು ಹಗಲು ಫೋಟೋ ಸಾಲದು. ಬೆಳಕು ಜಾಸ್ತಿ ಇದ್ದಾಗ ಶಟರ್ ಸೆಕೆಂಡಿನ ಐನೂರನೇ ಒಂದು ಭಾಗದಲ್ಲಿ ಮುಚ್ಚಿಕೊಳ್ಳುತ್ತದೆ, ಅಷ್ಟರಲ್ಲಿ ಕೈ ನಡುಗಲು ಸಮಯವೇ ಇರುವುದಿಲ್ಲ. ಕತ್ತಲಲ್ಲಿ, ಉದ್ದ ಎಕ್ಸ್‌ಪೋಶರ್‌ನಲ್ಲಿ ನೋಡಬೇಕು. ನಾನು ಮಾಡಿದ್ದು ಹೀಗೆ. ಟಾರ್ಚಿನ ಮುಖಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಸೂಜಿಯಿಂದ ಒಂದೇ ತೂತು ಮಾಡಿದೆ. ಅದನ್ನು ಕತ್ತಲೆ ಕೋಣೆಯ ಆ ತುದಿಯಲ್ಲಿ, ಸುಮಾರು ಮೂರು ಮೀಟರ್ ದೂರದಲ್ಲಿ ಇಟ್ಟೆ. ಪ್ರೊ ಮೋಡ್‌ನಲ್ಲಿ ಅರ್ಧ ಸೆಕೆಂಡು ಶಟರ್, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಅತಿ ಕಡಿಮೆ, ಕೈಯಲ್ಲೇ ಹಿಡಿದು, ಎರಡು ಸೆಕೆಂಡಿನ ಟೈಮರ್. ಪರದೆ ಒತ್ತುವಾಗಿನ ಅಲುಗಾಟ ಲೆಕ್ಕಕ್ಕೆ ಬರಬಾರದು ಎಂದು ಟೈಮರ್.

ಕೈ ಪೂರ್ತಿ ಸ್ಥಿರವಾಗಿದ್ದರೆ ಚಿತ್ರದಲ್ಲಿ ಒಂದು ಚುಕ್ಕೆ ಬರಬೇಕು. ಬಂದಿದ್ದು ಅಂಕುಡೊಂಕು ಗೆರೆ. ಹಿಗ್ಗಿಸಿ ಅಳೆದರೆ ಉದ್ದ 25ರಿಂದ 30 ಪಿಕ್ಸೆಲ್. ಎಷ್ಟು ಸಲ ತೆಗೆದರೂ ಅಷ್ಟೇ. ಅಂದರೆ ಕೈಯ ನಡುಕ ಪೂರ್ತಿಯಾಗಿ ಚಿತ್ರಕ್ಕೆ ಇಳಿಯುತ್ತಿದೆ, ಯಾರೂ ತಡೆಯುತ್ತಿಲ್ಲ.

ಮಾಡ್ಯೂಲ್ ಹೊರಗೆ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಹಳೆಯದನ್ನು ಓರೆ ಮಾಡಿದರೆ ಲೆನ್ಸ್ ಒಂದು ಪಕ್ಕಕ್ಕೆ ವಾಲುವುದು ಕಣ್ಣಿಗೆ ಕಾಣುತ್ತಿತ್ತು. ಇದು ಹೇಗೆ ಅಲ್ಲಾಡಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಫೋಕಸ್ ಮೋಟಾರ್ ಮಾತ್ರ ಇಟ್ಟು, ಓಐಎಸ್ ಭಾಗವನ್ನೇ ಬಿಟ್ಟು ಮಾಡಿದ ನಕಲು. ಹೊರಗಿನ ಆಕಾರ, ಕನೆಕ್ಟರ್, ಅಂಟಿಸಿದ ಸ್ಟಿಕರ್ ಎಲ್ಲ ಒಂದೇ. ಬೆಲೆ ಅರ್ಧಕ್ಕಿಂತ ಕಡಿಮೆ ಯಾಕೆ ಅನ್ನುವುದಕ್ಕೆ ಉತ್ತರ ಸಿಕ್ಕಿತು.

ಆದ್ದರಿಂದ ಮಾಡ್ಯೂಲ್ ಕೊಳ್ಳುವಾಗ ಅಂಗಡಿಯಲ್ಲೇ ಮಾಡಬೇಕಾದ್ದು: ಕವರಿನಲ್ಲೇ ಇಟ್ಟು ಲೆನ್ಸ್ ಮೇಲೆ ಟಾರ್ಚ್ ಬಿಡಿ. ನಿಧಾನವಾಗಿ ಎಡಕ್ಕೆ ಬಲಕ್ಕೆ ಓರೆ ಮಾಡಿ. ಸುತ್ತಲಿನ ಲೋಹದ ಚೌಕಟ್ಟು ಹಾಗೇ ನಿಂತು, ಲೆನ್ಸ್ ಮಾತ್ರ ತುಸು ಜರುಗಬೇಕು. ಜರುಗದಿದ್ದರೆ ಬೇಡ ಎಂದು ವಾಪಸ್ ಕೊಡಿ. ಅಂಗಡಿಯವರು ‘ಒರಿಜಿನಲ್’ ಎಂದು ಹೇಳುವ ಮಾತಿಗಿಂತ ಈ ಒಂದು ಪರೀಕ್ಷೆ ನಂಬಿಕೆಗೆ ಯೋಗ್ಯ.

ಹಣ ಪೂರ್ತಿ ವ್ಯರ್ಥ ಆಗಲಿಲ್ಲ. ಓಐಎಸ್ ಇಲ್ಲದಿದ್ದರೆ ಇದೇ ಫೋನು, ಇದೇ ಕೈ, ಇದೇ ಕೋಣೆಯಲ್ಲಿ ಎಷ್ಟು ನಡುಕ ಬರುತ್ತದೆ ಅನ್ನುವ ಅಳತೆ ಸಿಕ್ಕಿತು. ಹೋಲಿಸಲು ಇದಕ್ಕಿಂತ ಒಳ್ಳೆಯದು ಬೇಕಾಗಿರಲಿಲ್ಲ.

ಹಂತ 5: ಹಳೆಯದನ್ನು ಬಿಚ್ಚಿ ನೋಡಿದ್ದು

ಎರಡನೇ ಮಾಡ್ಯೂಲ್ ಬರುವವರೆಗೆ ಕೆಟ್ಟಿದ್ದರ ಲೋಹದ ಮುಚ್ಚಳವನ್ನು ಬ್ಲೇಡಿನಿಂದ ಎಬ್ಬಿಸಿದೆ. ಈ ಕೆಲಸದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಲೆನ್ಸ್ ಕೂತ ಚೌಕ ನಾಲ್ಕು ಮೂಲೆಯಲ್ಲಿ ನಾಲ್ಕು ತಂತಿಗಳ ಮೇಲೆ ನಿಂತಿದೆ. ನಾಲ್ಕು ಹಗ್ಗದ ತೊಟ್ಟಿಲು ಇದ್ದ ಹಾಗೆ, ಆಚೀಚೆ ಓಲಾಡುತ್ತದೆ ಆದರೆ ಓರೆಯಾಗುವುದಿಲ್ಲ. ತಂತಿಗಳು ತಲೆಗೂದಲಿನಷ್ಟೇ ತೆಳು. ಚೌಕದ ನಾಲ್ಕು ಬದಿಗೆ ಪುಟ್ಟ ಆಯಸ್ಕಾಂತಗಳು, ಅವುಗಳ ಕೆಳಗೆ ತೆಳು ಹಾಳೆಯಲ್ಲಿ ಅಚ್ಚಾದ ತಾಮ್ರದ ಸುರುಳಿಗಳು. ಸುರುಳಿಯಲ್ಲಿ ಕರೆಂಟ್ ಹರಿದರೆ ಚೌಕ ಆ ಕಡೆಗೆ ಸರಿಯುತ್ತದೆ. ಎಲ್ಲಿಗೆ ಸರಿಯಿತು ಎಂದು ಹೇಳಲು, ಆಯಸ್ಕಾಂತದ ಬಲ ಅಳೆಯುವ ಎರಡು ಹಾಲ್ ಸೆನ್ಸರ್, ಅಡ್ಡಕ್ಕೊಂದು ಉದ್ದಕ್ಕೊಂದು. ಜೈರೋ ಫೋನ್ ಇಷ್ಟು ತಿರುಗಿತು ಎನ್ನುತ್ತದೆ, ಚಿಪ್ಪು ಲೆನ್ಸ್ ಇಷ್ಟು ಸರಿಯಲಿ ಎನ್ನುತ್ತದೆ, ಹಾಲ್ ಸೆನ್ಸರ್ ಸರಿದಿದೆ ಅಥವಾ ಇನ್ನೂ ಬೇಕು ಎಂದು ವರದಿ ಕೊಡುತ್ತದೆ. ಶಟರ್ ತೆರೆದಿರುವಷ್ಟು ಹೊತ್ತೂ ಇದು ನಡೆಯುತ್ತಲೇ ಇರುತ್ತದೆ.

ಸರಿಯುವ ದೂರ ಎಷ್ಟು ಚಿಕ್ಕದು ನೋಡಿ. ಈ ಕ್ಯಾಮೆರಾದ ನಿಜವಾದ ಫೋಕಲ್ ಲೆಂತ್, ಅಂದರೆ ಸರಳವಾಗಿ ಲೆನ್ಸಿನಿಂದ ಸೆನ್ಸರಿಗೆ ಇರುವ ದೂರ, ಸುಮಾರು 5.6 ಮಿ.ಮೀ. ಫೋನ್ ಒಂದು ಡಿಗ್ರಿ ಓರೆಯಾದರೆ ಸೆನ್ಸರ್ ಮೇಲೆ ಚಿತ್ರ ಹೆಚ್ಚುಕಡಿಮೆ 0.1 ಮಿ.ಮೀ. ಜರುಗುತ್ತದೆ. ನಾಲ್ಕು ಪಿಕ್ಸೆಲ್ ಸೇರಿ ಒಂದಾಗಿ ಉಳಿಯುವ ಫೋಟೋದಲ್ಲಿ ಒಂದು ಪಿಕ್ಸೆಲಿನ ಅಗಲ 2 ಮೈಕ್ರಾನ್, ಅಂದರೆ ಮಿಲಿಮೀಟರಿನ ಐನೂರನೇ ಒಂದು ಭಾಗ. ಲೆಕ್ಕ ಹಾಕಿದರೆ ಒಂದು ಡಿಗ್ರಿಗೆ ಸುಮಾರು 50 ಪಿಕ್ಸೆಲ್. ನನ್ನ ಗೆರೆ 25ರಿಂದ 30 ಪಿಕ್ಸೆಲ್ ಇತ್ತಲ್ಲ, ಅಂದರೆ ಅರ್ಧ ಸೆಕೆಂಡಿನಲ್ಲಿ ನನ್ನ ಕೈ ಅರ್ಧ ಡಿಗ್ರಿಗಿಂತ ತುಸು ಹೆಚ್ಚು ತಿರುಗಿತ್ತು. ಲೆನ್ಸ್ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದೊಳಗೇ ಓಡಾಡಿ ಇದನ್ನು ಸರಿಮಾಡಬೇಕು. ಅದಕ್ಕೇ ತಂತಿ ಅಷ್ಟು ತೆಳು, ಅಷ್ಟು ಮೆತ್ತಗೆ.

ನಾಲ್ಕರಲ್ಲಿ ಒಂದು ತಂತಿ ಮೇಲಿನ ಬೆಸುಗೆಯ ಬುಡದಲ್ಲಿ ತುಂಡಾಗಿತ್ತು. ಬಾಗಿದ್ದಲ್ಲ, ಜಗ್ಗಿ ಹರಿದದ್ದೂ ಅಲ್ಲ. ತುದಿ ಚೂಪಾಗಿ ಎಳೆದುಕೊಂಡಿರಲಿಲ್ಲ, ಚಪ್ಪಟೆಯಾಗಿ ಕಡಿದುಕೊಂಡಿತ್ತು. ಹಿಂದೆ ಮುಂದೆ ಬಾಗಿ ಬಾಗಿ ದಣಿದು ಮುರಿಯುವ ಲೋಹ ಹೀಗೆ ಮುರಿಯುತ್ತದೆ. ಈ ಫೋನ್ ಯಾವತ್ತೂ ಎತ್ತರದಿಂದ ಬಿದ್ದಿಲ್ಲ ಎಂದು ಭಾಮೈದ ಹೇಳಿದ್ದು ಇದಕ್ಕೆ ಹೊಂದುತ್ತದೆ. ತಂತಿ ಬರೀ ಕೊಂಡಿಯಲ್ಲ, ಮೇಲಿನ ಫೋಕಸ್ ಮೋಟಾರಿಗೆ ಕರೆಂಟ್ ಹೋಗುವ ದಾರಿಯೂ ಅದೇ. ಬೆಸುಗೆ ಹಾಕಿ ಸೇರಿಸಬಹುದಾ ಎಂದು ನೋಡಿದೆ. ನನ್ನ ಹತ್ತಿರದ ಅತಿ ಸಣ್ಣ ಸೋಲ್ಡರಿಂಗ್ ತುದಿಯೇ ಆ ಜಾಗಕ್ಕಿಂತ ದಪ್ಪ. ಸೇರಿದರೂ ನಾಲ್ಕು ತಂತಿಗಳ ಬಿಗಿ ಸಮ ಆಗುವುದಿಲ್ಲ, ಕೈಬಿಟ್ಟೆ.

ಇದೇ ಆಲೋಚನೆ ದೊಡ್ಡ ಕ್ಯಾಮೆರಾಗಳಿಗೆ ಬಂದಾಗ ಒಂದು ಇಡೀ ಲೆನ್ಸಿನಷ್ಟು ಜಾಗ ಬೇಕಿತ್ತು. 1995ರಲ್ಲಿ ಕ್ಯಾನನ್‌ನ 75-300 ಮಿ.ಮೀ. ಐಎಸ್ ಲೆನ್ಸ್ ಬಂತು, ಎಸ್‌ಎಲ್‌ಆರ್ ಕ್ಯಾಮೆರಾಗೆ ಬದಲಿಸಿ ಹಾಕಬಹುದಾದ ಲೆನ್ಸ್‌ಗಳಲ್ಲಿ ಈ ಸೌಲಭ್ಯ ಪಡೆದ ಮೊದಲನೆಯದು. 2012ರ ನೋಕಿಯಾ ಲೂಮಿಯಾ 920ರ ಹೊತ್ತಿಗೆ ಅದು ಜೇಬಿನ ಫೋನಿಗೆ ಇಳಿದಿತ್ತು. ಹದಿನೇಳು ವರ್ಷದಲ್ಲಿ ಉಗುರಿನಷ್ಟು ಜಾಗಕ್ಕೆ ತಂದ ಎಂಜಿನಿಯರ್‌ಗಳ ಮೇಲೆ ನನಗೆ ತುಂಬಾ ಗೌರವ ಇದೆ, ಈ ತಂತಿಗಳನ್ನು ಕಣ್ಣಾರೆ ನೋಡಿದ ಮೇಲೆ ಇನ್ನೂ ಜಾಸ್ತಿಯಾಯಿತು.

ಹಂತ 6: ಎರಡನೇ ಮಾಡ್ಯೂಲ್ ಮತ್ತು ಅಳತೆ

ಡಿಸ್ಪ್ಲೇ ಒಡೆದ ಅದೇ ಮಾಡೆಲ್ ಫೋನಿನಿಂದ ಬಿಚ್ಚಿ ತೆಗೆದದ್ದು, 1,850 ರೂಪಾಯಿ. ಓರೆ ಮಾಡಿದರೆ ಲೆನ್ಸ್ ಜರುಗಿತು. ಕೂರಿಸಿ, ಮತ್ತೆ ಬೆನ್ನು ಮುಚ್ಚದೆಯೇ ಅದೇ ಕೋಣೆ, ಅದೇ ಸೂಜಿ ತೂತಿನ ಬೆಳಕು, ಅದೇ ಅರ್ಧ ಸೆಕೆಂಡು.

ಗೆರೆ ಹೋಗಿ ಉದ್ದುದ್ದ ಚುಕ್ಕೆ ಬಂತು. ಉದ್ದ 5ರಿಂದ 7 ಪಿಕ್ಸೆಲ್. ಅಂದರೆ ನಡುಕ ನಾಲ್ಕೈದು ಪಟ್ಟು ಕಡಿಮೆ. ಫೋಟೋಗ್ರಫಿ ಲೆಕ್ಕದಲ್ಲಿ ಎರಡು ಸ್ಟಾಪ್‌ಗಿಂತ ತುಸು ಹೆಚ್ಚು, ಯಾಕೆಂದರೆ ಒಂದು ಸ್ಟಾಪ್ ಅಂದರೆ ಎರಡು ಪಟ್ಟು, ಎರಡು ಸ್ಟಾಪ್ ಅಂದರೆ ನಾಲ್ಕು ಪಟ್ಟು.

ಚುಕ್ಕೆಯ ಅಳತೆ ಭಾಮೈದನಿಗೆ ಅರ್ಥ ಆಗುವುದಿಲ್ಲ, ಅವನಿಗೆ ಬೇಕಾದ್ದು ಮನೆ ನಂಬರ್ ಓದುವುದು. ಹಾಗಾಗಿ ದಿನಪತ್ರಿಕೆಯ ಒಂದು ಪುಟವನ್ನು ಗೋಡೆಗೆ ಅಂಟಿಸಿ, ಎರಡು ಮೀಟರ್ ದೂರದಿಂದ, ಮಂದ ಬೆಳಕಿನಲ್ಲಿ, ಸೆಕೆಂಡಿನ 1/8ರಲ್ಲಿ ಎರಡೂ ಮಾಡ್ಯೂಲ್‌ನಿಂದ ಹತ್ತು ಹತ್ತು ಫೋಟೋ ತೆಗೆದೆ. ಉಪಶೀರ್ಷಿಕೆಯ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪಾಸು. ನಕಲಿ ಮಾಡ್ಯೂಲ್‌ನಲ್ಲಿ ಎರಡು ಪಾಸಾದವು, ಹೊಸದರಲ್ಲಿ ಎಂಟು. ಕನ್ನಡದ ಒತ್ತು ಈ ಪರೀಕ್ಷೆಗೆ ಹೇಳಿ ಮಾಡಿಸಿದ ಹಾಗಿದೆ. ‘ತ’ಕ್ಕೆ ‘ತ’ ಒತ್ತೋ ‘ನ’ ಒತ್ತೋ ಎಂದು ಗೊತ್ತಾಗದಿದ್ದರೆ ಫೋಟೋ ಅಲ್ಲಾಡಿದೆ ಎಂದೇ ಲೆಕ್ಕ.

ಲೆನ್ಸಿನ ಫೋಕಲ್ ಲೆಂತ್ ಎಷ್ಟೋ ಶಟರ್ ಸೆಕೆಂಡಿನ ಅಷ್ಟನೇ ಒಂದು ಭಾಗಕ್ಕಿಂತ ನಿಧಾನ ಇರಬಾರದು ಅನ್ನುವುದು ಹಳೆಯ ಫಿಲ್ಮ್ ಕಾಲದ ನಿಯಮ. ಈ ಕ್ಯಾಮೆರಾ ಫಿಲ್ಮ್ ಲೆಕ್ಕದಲ್ಲಿ 25 ಮಿ.ಮೀ., ಹಾಗಾಗಿ 1/25ರ ಆಸುಪಾಸು. ಎರಡು ಸ್ಟಾಪ್ ಕೆಳಗೆ ಅಂದರೆ 1/6. ನನ್ನ ಫಲಿತಾಂಶ ಅದರ ಹತ್ತಿರವೇ ಬಂತು. ಅರ್ಧ ಸೆಕೆಂಡಿಗೆ ಇಳಿಸಿದಾಗ ಹೊಸದೂ ಮೂರ್ನಾಲ್ಕು ಫೋಟೋ ಮಾತ್ರ ಉಳಿಸಿತು. ದೊಡ್ಡ ಕ್ಯಾಮೆರಾ ಕಂಪನಿಗಳು ‘5 ಸ್ಟಾಪ್’ ಎಂದು ಬರೆಯುವ ಅಂಕಿ ಜಪಾನಿನ ಸಿಪಾ ಸಂಘದ ಕ್ರಮದಂತೆ, ಕ್ಯಾಮೆರಾವನ್ನು ಅಳತೆ ಮಾಡಿ ನಡುಗಿಸುವ ಯಂತ್ರದ ಮೇಲಿಟ್ಟು ಪಡೆದದ್ದು. ಅದನ್ನು ನನ್ನ ಕೋಣೆಯ ಲೆಕ್ಕದ ಜೊತೆ ಹೋಲಿಸಬೇಡಿ.

ಇನ್ನೊಂದು, ಇದನ್ನು ಭಾಮೈದನಿಗೂ ತೋರಿಸಿದೆ. ಅದೇ ಬೆಳಕಿನಲ್ಲಿ, ಅದೇ 1/8ರಲ್ಲಿ, ಅವನು ಕೈ ಬೀಸುವಾಗ ಫೋಟೋ ತೆಗೆದೆ. ಹಿಂದಿನ ಪೇಪರ್ ಚುರುಕಾಗಿದೆ, ಕೈ ಪೂರ್ತಿ ಮಸುಕು. "ಭಾವ, ಇದೂ ಕೆಟ್ಟಿದೆಯಾ?" ಎಂದ. ಇಲ್ಲ. ಓಐಎಸ್ ತಡೆಯುವುದು ಫೋಟೋ ತೆಗೆಯುವವನ ನಡುಕವನ್ನು ಮಾತ್ರ, ಎದುರಿಗೆ ಓಡುವವನನ್ನಲ್ಲ. ಮಕ್ಕಳು, ನಾಯಿ, ಓಡುವ ಬೈಕು ಬೇಕಾದರೆ ಶಟರ್ 1/250ಕ್ಕೆ ಏರಿಸಬೇಕು, ಅದಕ್ಕೆ ಬೆಳಕೇ ಬೇಕು.

ಹಂತ 7: ಮುಚ್ಚುವುದು

ಇಲ್ಲಿ ದೂಳೇ ಶತ್ರು. ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಗಾಳಿಯ ದೂಳು ಕೂತ ಮೇಲೆ, ಫ್ಯಾನ್ ಇಲ್ಲದ ಕೋಣೆಯಲ್ಲಿ ಮುಚ್ಚಬೇಕು ಎಂದು ಓದಿದ್ದೆ. ಆ ಆವಿ ತೆರೆದ ಬೋರ್ಡಿಗೆ ಬೇಡ ಅನ್ನಿಸಿತು. ಫ್ಯಾನ್ ಆಫ್ ಮಾಡಿ, ಮೇಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗಾಳಿ ಬಲ್ಬಿನಿಂದ ಊದಿ ಕೂರಿಸಿದೆ. ಬಾಯಲ್ಲಿ ಊದಬೇಡಿ, ಉಗುಳಿನ ಸಣ್ಣ ಹನಿ ಲೆನ್ಸ್ ಮೇಲೆ ಕೂತರೆ ಮತ್ತೆ ಬಿಚ್ಚಬೇಕು.

ಹಳೆಯ ಗಮ್ಮನ್ನು ಆಲ್ಕೋಹಾಲಿನಲ್ಲಿ ಉಜ್ಜಿ ಪೂರ್ತಿ ತೆಗೆದು, ಬಿ-7000 ತೆಳುವಾಗಿ ಎಳೆದು, ಎರಡು ನಿಮಿಷ ಬಿಟ್ಟು ಒತ್ತಿದೆ. ರಬ್ಬರ್ ಬ್ಯಾಂಡ್ ಸುತ್ತಿ ಒಂದು ರಾತ್ರಿ. ಪೂರ್ತಿ ಗಟ್ಟಿಯಾಗಲು ಒಂದೆರಡು ದಿನ ಬೇಕು. ಕ್ಯಾಮೆರಾ ಹತ್ತಿರ ಮಾತ್ರ ಗಮ್ ಹಾಕಲಿಲ್ಲ, ಒಳಕ್ಕೆ ಹರಿದರೆ ಲೆನ್ಸ್ ಚೌಕವನ್ನೇ ಅಂಟಿಸಿಬಿಡುತ್ತದೆ. ಇನ್ನು ಮುಂದೆ ಈ ಫೋನ್ ನೀರು ತಡೆಯುತ್ತದೆ ಎಂದು ನಂಬಬಾರದು. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರ್ ಕಡ್ಡಾಯ ಎಂದು ಹೇಳಿದ್ದೇನೆ.

ಹಂತ 8: ಮತ್ತೆ ಕೆಡದಿರಲು ಹೋಲ್ಡರ್

ಅದೇ ಲೋಹದ ಹೋಲ್ಡರಿಗೆ ಹೊಸ ಮಾಡ್ಯೂಲ್ ಹಾಕಿದರೆ ಆ 1,850 ರೂಪಾಯಿಯೂ ಅದೇ ದಾರಿ ಹಿಡಿಯುತ್ತದೆ. ಬೈಕಿನ ಎಂಜಿನ್ ಕಂಪನ ಕ್ಯಾಮೆರಾದ ಓಐಎಸ್ ಮತ್ತು ಫೋಕಸ್ ವ್ಯವಸ್ಥೆಯನ್ನು ಕೆಡಿಸಬಹುದು ಎಂದು 2021ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಕಂಪನಿಯೇ ಎಚ್ಚರಿಕೆ ಪ್ರಕಟಿಸಿತ್ತು. ದೊಡ್ಡ ಎಂಜಿನ್‌ಗಳಿಗೆ ಫೋನ್ ಕಟ್ಟಲೇಬೇಡಿ, ಚಿಕ್ಕ ಎಂಜಿನ್ ಮತ್ತು ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲೂ ಕಂಪನ ತಗ್ಗಿಸುವ ಹೋಲ್ಡರ್ ಬಳಸಿ ಅನ್ನುವುದು ಅದರ ಸಾರ. ಈ ತಂತಿಗಳಿಗೆ ಯಾವ ಕಂಪನಿಯ ಫೋನಾದರೇನು, ಕಂಪನ ಕಂಪನವೇ.

ಎಷ್ಟು ಕಂಪನ ಎಂದು ಅಳೆಯಲು ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಫೈಫಾಕ್ಸ್ ಆ್ಯಪ್ ಬಳಸಿದೆ, ಉಚಿತ. ಓಐಎಸ್ ಇಲ್ಲದ ಹಳೇ ಫೋನಿಗೆ ಹಾಕಿ, ಬೈಕನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ 4,000 ಆರ್‌ಪಿಎಂಗೆ ಏರಿಸಿದೆ. ಗ್ರಾಫಿನಲ್ಲಿ 66 ಹರ್ಟ್ಸ್ ಹತ್ತಿರ ಎತ್ತರದ ಮುಳ್ಳು ಎದ್ದಿತು. ನಿಮಿಷಕ್ಕೆ 4,000 ಸುತ್ತು ಅಂದರೆ ಸೆಕೆಂಡಿಗೆ 66 ತಾನೇ, ಸಿಂಗಲ್ ಸಿಲಿಂಡರಿನ ಪಿಸ್ಟನ್ ಸುತ್ತಿಗೊಮ್ಮೆ ಮೇಲೆ ಕೆಳಗೆ ಹೋಗುವಾಗಿನ ಅಲುಗಾಟ ಅದು. ಕೈ ನಡುಕ ಸೆಕೆಂಡಿಗೆ ಹತ್ತು ಸಲದ ಆಸುಪಾಸು. ಓಐಎಸ್ ಮಾಡಿರುವುದು ಆ ಹತ್ತಕ್ಕಾಗಿ. ಹಳೇ ಫೋನ್ ಸೆಕೆಂಡಿಗೆ 200 ಸಲ ಮಾತ್ರ ಅಳೆಯುತ್ತದೆ, ಹಾಗಾಗಿ 100 ಹರ್ಟ್ಸ್‌ಗಿಂತ ಮೇಲಿನ ಕಂಪನ ಇದಕ್ಕೆ ಸರಿಯಾಗಿ ಕಾಣುವುದಿಲ್ಲ.

ಲೋಹದ ಹೋಲ್ಡರಿನಲ್ಲಿ ಏರಿಳಿತ ಪ್ಲಸ್ ಮೈನಸ್ 15 ಮೀ./ಸೆ.² ಹತ್ತಿರ. 600 ರೂಪಾಯಿ ಕೊಟ್ಟು ರಬ್ಬರ್ ಡ್ಯಾಂಪರ್ ಇರುವ ಹೋಲ್ಡರ್ ಹಾಕಿದ ಮೇಲೆ 5. ಇಲ್ಲಿಗೆ ಮುಗಿಯಿತು ಎಂದುಕೊಳ್ಳುವಷ್ಟರಲ್ಲಿ ಐಡ್ಲಿಂಗ್‌ಗೆ ಇಳಿಸಿದೆ. 1,400 ಆರ್‌ಪಿಎಂ, ಸುಮಾರು 23 ಹರ್ಟ್ಸ್. ಅಲ್ಲಿ ರಬ್ಬರ್ ಹೋಲ್ಡರ್ ಲೋಹದ್ದಕ್ಕಿಂತ ಹೆಚ್ಚೇ ಕುಣಿಯಿತು. ರಬ್ಬರಿನ ತನ್ನದೇ ಓಲಾಟದ ವೇಗ ಅಲ್ಲೇ ಎಲ್ಲೋ ಇದೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಬೈಕ್ ಐಡ್ಲಿಂಗ್‌ನಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಗೊತ್ತಲ್ಲ, ಅದಕ್ಕೆ ಇದನ್ನು ಕಡೆಗಣಿಸಲು ಆಗುವುದಿಲ್ಲ.

ಕೊನೆಗೆ ಹ್ಯಾಂಡಲ್ ಮೇಲೆ ಅದೇ ಹಳೇ ಫೋನ್ ಹಾಕಿಸಿದೆ. ಹೊಸ ಮಾಡ್ಯೂಲ್ ಇರುವ ಫೋನ್ ಜೇಬಿನಲ್ಲಿ, ಹಾಟ್‌ಸ್ಪಾಟ್ ಕೊಡುತ್ತದೆ. ಮ್ಯಾಪ್ ಹಳೆಯದರಲ್ಲಿ, ಫೋಟೋ ಜೇಬಿನದರಲ್ಲಿ. ಜೇಬಿನ ಫೋನಿನ ಬ್ಯಾಟರಿ ಸಂಜೆಗೆ ಮುಗಿಯುತ್ತಿದೆ ಎಂದು ಅವನ ದೂರು, ಅದಕ್ಕೊಂದು ಪವರ್ ಬ್ಯಾಂಕ್ ಬೇಕಾಯಿತು.

ಕೈಯಿಂದ ಖರ್ಚಾದ ಹಣ: ಉಪಕರಣ, ಗಮ್, ಆಲ್ಕೋಹಾಲ್, ಭೂತಗನ್ನಡಿ ಸೇರಿ 840, ನಕಲಿ ಮಾಡ್ಯೂಲ್ 700, ಸರಿಯಾದದ್ದು 1,850, ಹೋಲ್ಡರ್ 600. ಒಟ್ಟು 3,990 ರೂಪಾಯಿ. ಉಪಕರಣ ಮುಂದಿನ ಕೆಲಸಕ್ಕೂ ಇರುತ್ತದೆ. ಬಾಕಿ ಉಳಿದದ್ದು ಎರಡು: ಬ್ಯಾಕ್ ಕವರಿನ ಕೆಳಗಿನ ಬಲ ಮೂಲೆ ತುಸು ಎದ್ದಿದೆ, ಮತ್ತೆ ಬಿಸಿ ಮಾಡಿ ಅಂಟಿಸಬೇಕು. ಹೋಲ್ಡರಿಗೆ ಇನ್ನೂ ಮೆತ್ತನೆಯ ರಬ್ಬರ್ ಹಾಕಿ ಐಡ್ಲಿಂಗ್‌ನಲ್ಲಿ ಮತ್ತೊಮ್ಮೆ ಅಳೆಯಬೇಕು. ಯಾರಾದರೂ ಬೇರೆ ಬೈಕಿನಲ್ಲಿ ಇದೇ ರೀತಿ ಅಳೆದಿದ್ದರೆ ಆರ್‌ಪಿಎಂ, ಹೋಲ್ಡರ್ ಯಾವ ಥರದ್ದು, ಬಂದ ಅಂಕಿ ಎಷ್ಟು, ಈ ಮೂರನ್ನು ಬರೆದು ತಿಳಿಸಿ.